ಮ್ಯಾನರ್ ಲಾರ್ಡ್ಸ್‌ನಲ್ಲಿ ಊರಿನ ಅಷ್ಟೂ ಮನೆ ಮೂರನೇ ಲೆವೆಲ್‌ಗೆ: ನನ್ನ ಅನುಭವ

ಮ್ಯಾನರ್ ಲಾರ್ಡ್ಸ್ ಅಂದರೆ ಮಧ್ಯಯುಗದ ಊರು ಕಟ್ಟುವ ಕಂಪ್ಯೂಟರ್ ಗೇಮ್. ಅದರಲ್ಲಿ ನನ್ನ ಊರಿನ ಮನೆಗಳೆಲ್ಲ ಮೂರನೇ ಲೆವೆಲ್‌ಗೆ ಬಂದಿವೆ. ಒಂದೂ ಬಾಕಿ ಇಲ್ಲ. ಚಿತ್ರದುರ್ಗದಲ್ಲಿ ಈ ಗೇಮ್ ಆಡುವ ನಮ್ಮ ಗುಂಪಿನಲ್ಲಿ ಇದು ಆಗೋ ಕೆಲಸ ಅಲ್ಲ ಅಂತಲೇ ಎಲ್ಲರೂ ಹೇಳಿದ್ದರು. ಅವರ ಲೆಕ್ಕ ಒಂದೇ: ಮೊದಲು 50 ಕುಟುಂಬ ತುಂಬಿಸು, ಆಮೇಲೆ ಮನೆ ಏರಿಸು. ನಾನು ಸುಮಾರು 12 ಪ್ಲಾಟ್‌ಗೆ (ಮನೆ ಜಾಗಕ್ಕೆ) ನಿಲ್ಲಿಸಿದಾಗ ಮೆದೇಹಳ್ಳಿ ರಸ್ತೆಯ ಗೆಳೆಯ, "ಇದೇನು ಊರೋ, ಹಟ್ಟಿಯೋ?" ಅಂದಿದ್ದ. ಈಗ ಅವನೇ ನನ್ನ ಸೇವ್ ಫೈಲ್ ಕೇಳುತ್ತಿದ್ದಾನೆ.

ದೊಡ್ಡ ಊರು ಕಟ್ಟಿದಾಗೆಲ್ಲ ಒಂದೇ ಗೋಳು. ಗ್ರೇನರಿ, ಅಂದರೆ ಕಣಜ, ತುಂಬಿರುತ್ತದೆ, ಸ್ಟೋರ್‌ಹೌಸ್‌ನಲ್ಲಿ ಚರ್ಮ ಬಿದ್ದಿರುತ್ತದೆ, ಆದರೂ ಅರ್ಧ ಊರಿಗೆ ಬಟ್ಟೆ ಇಲ್ಲ. ಸ್ಟಾಲ್ ಜಾಸ್ತಿ ಮಾಡಿ ನೋಡಿದೆ, ಇನ್ನೊಂದು ಮಾರ್ಕೆಟ್ ಹಾಕಿ ನೋಡಿದೆ. ಏನೂ ಆಗಲಿಲ್ಲ.

ಗುಟ್ಟು ಸಿಕ್ಕಿದ್ದು ಸುಮ್ನೆ ಮಾಡಿದ ಒಂದು ಪ್ರಯೋಗದಲ್ಲಿ. ಏಳು ಸುತ್ತಿನ ಕೋಟೆಯ ಊರಿನವನು ಒಂದು ಸಲವಾದರೂ ಹಾಗೆ ಕಟ್ಟಬೇಕಲ್ವಾ? ನಡುವೆ ಮಾರ್ಕೆಟ್ ಇಟ್ಟು ಸುತ್ತ ಏಳು ಸುತ್ತು ರಸ್ತೆ ಎಳೆದು ಮನೆ ಹಾಕಿದೆ. ನೋಡೋಕೆ ಬಹಳ ಚೆನ್ನಾಗಿತ್ತು, ಇವತ್ತಿಗೂ ಆ ಸ್ಕ್ರೀನ್‌ಶಾಟ್ ನನ್ನ ಡೆಸ್ಕ್‌ಟಾಪ್ ಮೇಲಿದೆ. ಒಳಗಿನ ಎರಡು ಸುತ್ತಿಗೆ ಎಲ್ಲ ಸಿಗುತ್ತಿತ್ತು. ಮೂರನೆಯದಕ್ಕೆ ಒಂದಿಷ್ಟು. ಅದರಾಚೆ ಏನೂ ಇಲ್ಲ. ನಮ್ಮ ಕೋಟೆಯ ಹೊಂಡಗಳ ಹಾಗೆ. ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ಅಕ್ಕ-ತಂಗಿ ಹೊಂಡ, ಅದೂ ತುಂಬಿದರೆ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆಹೊಂಡ. ಮಾರ್ಕೆಟ್‌ನ ಸಾಮಾನು ಹತ್ತಿರದ ಮನೆಗೆ ಮೊದಲು ಹೋಗುತ್ತದೆ, ಮಿಕ್ಕಿದ್ದು ಮುಂದಿನದಕ್ಕೆ. ಸರಕು ಕಮ್ಮಿ ಇದ್ದರೆ ಕೊನೆಯ ಮನೆ ಯಾವತ್ತೂ ಖಾಲಿ.

ಹಾಗಾಗಿ ಮನೆ ಹಾಕೋದನ್ನೇ ನಿಲ್ಲಿಸಿದೆ. ಅಪ್ರೂವಲ್ (ಜನರ ಮೆಚ್ಚುಗೆ) ಶೇಕಡಾ 50 ದಾಟಿದರೂ ಖಾಲಿ ಜಾಗ ಇಲ್ಲದಿದ್ದರೆ ಹೊಸ ಕುಟುಂಬ ಬರೋದಿಲ್ಲ. ಆ ಬಾಗಿಲನ್ನು ನಾವೇ ಮುಚ್ಚಿಕೊಳ್ಳಬಹುದು.

ದುಡ್ಡಿನ ಮಾತಿಗೆ ಬರೋಣ. ಮೊದಲ ಲೆವೆಲ್‌ನ ಮನೆ ಉಣ್ಣುತ್ತದೆ, ಸೌದೆ ಸುಡುತ್ತದೆ, ಖಜಾನೆಗೆ ತಾನಾಗಿ ಒಂದು ಕಾಸು ಕೊಡುವುದಿಲ್ಲ. ಎರಡನೆಯದಕ್ಕೆ ಏರಿದ ಮೇಲೇ ತಿಂಗಳು ತಿಂಗಳು ರೀಜನಲ್ ವೆಲ್ತ್, ಅಂದರೆ ಊರಿನ ದುಡ್ಡು, ಬರೋದು. ಅಂದಮೇಲೆ ಮೊದಲ ಲೆವೆಲ್‌ನಲ್ಲೇ 50 ಮನೆ ಸಾಕೋದು ಯಾಕೆ? ಶುರುವಿನ 50 ವೆಲ್ತ್‌ನಲ್ಲಿ ನಾನು ಎರಡು ತರಕಾರಿ ಹಿತ್ತಿಲು ಮಾಡಿಸಿದೆ. ಒಂದೊಂದಕ್ಕೆ 15ರ ಆಸುಪಾಸು. ಹಿತ್ತಿಲು ಉದ್ದಕ್ಕೆ ಎಳೆಯಿರಿ. ಬೆಲೆ ಅಷ್ಟೇ, ಬೆಳೆ ಮಾತ್ರ ಜಾಸ್ತಿ. ಉಳಿದದ್ದು ಎರಡನೇ ಎತ್ತಿಗೆ. ಮನೆ ಏರಿಸೋಕೆ ದಿಮ್ಮಿ ಬೇಕು, ಒಂದು ಎತ್ತು ಒಂದು ಸಲಕ್ಕೆ ಒಂದೇ ದಿಮ್ಮಿ ಎಳೆಯೋದು. ಒಂದೇ ಎತ್ತಿನಲ್ಲಿ 12 ಮನೆ ಏರಿಸುವಷ್ಟರಲ್ಲಿ ಚಳಿಗಾಲ ಬಂದುಬಿಡುತ್ತದೆ. ಎರಡನೇ ಲೆವೆಲ್‌ಗೆ ಬೇಕಾದ ಮರದ ಚರ್ಚ್, ಎರಡು ಬಗೆಯ ಊಟ, ಒಂದು ಬಗೆಯ ಬಟ್ಟೆ ಸಿಕ್ಕ ತಕ್ಷಣ ಎಲ್ಲವನ್ನೂ ಒಟ್ಟಿಗೆ ಏರಿಸಿದೆ.

ಕುಶಲಕರ್ಮಿಗಳ ಬಗ್ಗೆ ಒಂದು ಮಾತು. ಎರಡು ಕುಟುಂಬ ಹಿಡಿಸುವ ಪ್ಲಾಟ್‌ಗೆ ವರ್ಕ್‌ಶಾಪ್ ಹಾಕಿದರೆ ಎರಡೂ ಕುಟುಂಬ ಅದೇ ಕಸುಬಿಗೆ ಕಟ್ಟುಬೀಳುತ್ತವೆ. ಸಣ್ಣ ಊರಿಗೆ ಅದು ದೊಡ್ಡ ಹೊಡೆತ. ಅದಕ್ಕೇ ಚಪ್ಪಲಿ ಹೊಲೆಯುವವನಿಗೆ, ಬಡಗಿಗೆ ಮೊದಲೇ ಎರಡು-ಮೂರು ಕಿರಿದಾದ ಪ್ಲಾಟ್ ಬಿಟ್ಟಿದ್ದೆ. ಬಡಗಿ ಹಲಗೆಯಿಂದ ಸಣ್ಣ ಗುರಾಣಿ ಮಾಡುತ್ತಾನೆ, ಹೊರಗಿನವರ ಜೊತೆ ವ್ಯಾಪಾರ ಮಾಡುವ ಟ್ರೇಡಿಂಗ್ ಪೋಸ್ಟ್‌ನಲ್ಲಿ ಒಳ್ಳೆ ರೇಟು. ಒಂದೇ ಸಮನೆ ಮಾರಿದರೆ ರೇಟು ಬೀಳುತ್ತದೆ. ನಾನು ಯಾವುದನ್ನು ಯಾವಾಗ ನಿಲ್ಲಿಸಿ ಇನ್ಯಾವುದಕ್ಕೆ ಹೊರಳುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಮೂರನೇ ಲೆವೆಲ್‌ನಲ್ಲಿ ಜೀವ ಹಿಂಡಿದ್ದು ಬಿಯರ್. ನಮ್ಮ ಪ್ರದೇಶದಲ್ಲಿ ಬಾರ್ಲಿಗೆ ಮಣ್ಣು ಸರಿಯಿರಲಿಲ್ಲ. ಎರಡು ಹೊಲ ಹಾಕಿ, ಒಂದನ್ನು ಬೀಳು ಬಿಟ್ಟು ಬೆಳೆದರೂ ಊರಿನ ಟ್ಯಾವರ್ನ್‌ಗೆ (ಹೆಂಡದಂಗಡಿಗೆ) ಬಂದದ್ದು ಕೆಲವೇ ತಿಂಗಳ ಸರಕು. ಜನ ಕುಡಿದು ಮುಗಿಸುತ್ತಿದ್ದರು, ಮನರಂಜನೆ ಇಲ್ಲ ಅಂತ ಮನೆ ಏರುತ್ತಿರಲಿಲ್ಲ. ಬಿಯರನ್ನೇ ಹೊರಗಿಂದ ತರಿಸಿದಾಗ ಗುರಾಣಿ ಮಾರಿದ ದುಡ್ಡೆಲ್ಲ ಅದಕ್ಕೇ ಹೋಯಿತು. ಕೊನೆಗೆ ಹೊಲ ಪೂರ್ತಿ ಬಿಟ್ಟೆ. ಊರು ಬೆಳೆದಂತೆ ಸಿಗುವ ಡೆವಲಪ್‌ಮೆಂಟ್ ಪಾಯಿಂಟನ್ನು ಟ್ರೇಡ್ ಲಾಜಿಸ್ಟಿಕ್ಸ್ ಅನ್ನುವ ವ್ಯಾಪಾರದ ಸೌಲಭ್ಯಕ್ಕೆ ಹಾಕಿದೆ. ವ್ಯಾಪಾರದ ರೂಟ್ ತೆರೆಯುವ ಖರ್ಚು 25ಕ್ಕೆ ಇಳಿಯಿತು. ಬಾರ್ಲಿ ಮಾತ್ರ ತರಿಸಿ ಮಾಲ್ಟ್ (ಮೊಳಕೆ ಬಾರ್ಲಿ), ಬಿಯರ್ ಎರಡನ್ನೂ ಊರಲ್ಲೇ ಮಾಡಿಸಿದೆ. "ಹೊಲ ಇಲ್ಲದ ಊರು ಊರಾ?" ಅಂತ ಗುಂಪಿನಲ್ಲಿ ದೊಡ್ಡ ಜಗಳವೇ ಆಯಿತು. ನನ್ನ ಟ್ಯಾವರ್ನ್ ಮಾತ್ರ ಅಲ್ಲಿಂದಾಚೆ ಖಾಲಿ ಬಿದ್ದಿಲ್ಲ.

ಮೂರನೇ ಲೆವೆಲ್‌ಗೆ ಬೇಕಾದ ಕಲ್ಲಿನ ಚರ್ಚ್‌ಗೆ ಹೆಂಚು ಬೇಕು. ನನಗೆ ಜೇಡಿಮಣ್ಣು ಊರ ಪಕ್ಕದಲ್ಲೇ ಇತ್ತು. ಅಲ್ಲಿ ಕಷ್ಟ ಆಗಲಿಲ್ಲ.

ನಡುವೆ ಒಂದು ಡೆವಲಪ್‌ಮೆಂಟ್ ಪಾಯಿಂಟ್ ಹಾಕಿ ಇದ್ದಿಲಿನ ಪ್ರಯೋಗವನ್ನೂ ಮಾಡಿದೆ. ಒಂದು ಸೌದೆಗೆ ಎರಡು ಇದ್ದಿಲು ಸಿಗುತ್ತದೆ, ಚಳಿಗಾಲದಲ್ಲಿ ನಿಶ್ಚಿಂತೆ. ಆದರೆ 12 ಪ್ಲಾಟ್‌ನ ಊರಿಗೆ ಅದು ಬೇಡ, ಅಲ್ಲಿ ಪಾಯಿಂಟ್ ದಂಡ. ದೊಡ್ಡ ಊರಿನವರಿಗೆ ಸರಿ.

ಈ ಗೇಮ್ 2024ರ ಏಪ್ರಿಲ್‌ನಲ್ಲಿ ಅರ್ಲಿ ಆಕ್ಸೆಸ್‌ಗೆ (ಪೂರ್ತಿ ಮುಗಿಯುವ ಮುಂಚಿನ ಮಾರಾಟಕ್ಕೆ) ಬಂದಾಗಿನಿಂದ ಪ್ಯಾಚ್‌ಗಳಲ್ಲಿ ಅಂಕಿ ಬದಲಾಗುತ್ತಲೇ ಇವೆ. ನಿಮ್ಮ ಆವೃತ್ತಿಯ ಬೆಲೆ ಒಮ್ಮೆ ನೋಡಿಕೊಳ್ಳಿ. ಬೀಟಾ ಬ್ರಾಂಚ್‌ಗೆ (ಪರೀಕ್ಷೆಯ ಆವೃತ್ತಿಗೆ) ಹೋಗುವ ಮುಂಚೆ ಸೇವ್ ಫೈಲ್ ಬೇರೆ ಕಡೆ ಕಾಪಿ ಮಾಡಿ.

ಮೂರನೇ ಲೆವೆಲ್ ಮುಗಿದ ಮೇಲೆ ಹೊರಸುತ್ತಿನಲ್ಲಿ ನಾಲ್ಕು-ನಾಲ್ಕೇ ಮನೆ ಸೇರಿಸುತ್ತಾ ಹೋದೆ. ನಾಲ್ಕೂ ಏರುವ ತನಕ ಐದನೆಯದು ಇಲ್ಲ. ಈಗ 30 ದಾಟಿದೆ. ಪಕ್ಕದ ಪ್ರದೇಶವನ್ನೂ ಹಿಡಿದಿದ್ದೇನೆ. ಅಲ್ಲಿ ಜೇಡಿಮಣ್ಣಿಲ್ಲ, ಬಾರ್ಲಿಗೆ ಮಾತ್ರ ಹೇಳಿ ಮಾಡಿಸಿದ ಮಣ್ಣು. ಎರಡು ಪ್ರದೇಶಗಳ ನಡುವೆ ಸರಕು ಸಾಗಿಸುವ ಪ್ಯಾಕ್ ಸ್ಟೇಷನ್ ಹಾಕಿ, ಹೇಸರಗತ್ತೆ ಕೊಂಡು, ಇಲ್ಲಿಂದ ಹೆಂಚು ಅಲ್ಲಿಂದ ಬಾರ್ಲಿ ಅದಲುಬದಲು ಶುರು ಮಾಡಿದ್ದೇನೆ.