ಶಿರಸಿ ಸೀಮೆಯಲ್ಲಿ ಕೂತು ಬೆಂಗಳೂರಿನ ಕೆಲಸ: ಬಡ್ತಿಯೂ ಬೇಕು, ನೆಮ್ಮದಿಯೂ ಬೇಕು ಅನ್ನುವವರಿಗೆ

ಊರಿಗೆ ಮರಳಿ, ಮೆತ್ತಿನ (ಮನೆಯ ಮಹಡಿಯ) ಮೇಲೆ ಮೇಜು ಹಾಕಿಕೊಂಡು ಬೆಂಗಳೂರಿನ ಕಂಪನಿಗೆ ದುಡಿಯುವವರು ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಈಗ ಅಪರೂಪವಲ್ಲ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಹಲವರ ದೂರು ಒಂದೇ: ಕೆಲಸ ಮೊದಲಿಗಿಂತ ಹೆಚ್ಚಾಗಿದೆ, ಬಡ್ತಿ ಮಾತ್ರ ಆಫೀಸಿನಲ್ಲಿ ಕೂತವರಿಗೆ, ತೋಟ ಕಣ್ಣೆದುರಿಗಿದ್ದರೂ ಅದಕ್ಕೆ ಇಳಿಯದೆ ವಾರವಾಯಿತು. ಮಾಡಿದ ಕೆಲಸಕ್ಕೆ ಬರಹದ ಗುರುತಿಲ್ಲ, ದಿನಕ್ಕೆ ಗಡಿ ಇಲ್ಲ. ಈ ಎರಡನ್ನು ಸರಿಪಡಿಸಿಕೊಂಡರೆ ಊರು ಬಿಡುವ ಯೋಚನೆ ಮಾಡಬೇಕಾಗಿಲ್ಲ.

ಅದಕ್ಕೂ ಮೊದಲು ಕರೆಂಟಿನ ಮಾತು. ಮೀಟಿಂಗಿನ ನಡುವೆ ಲೈನು ಹೋದೀತು ಎಂಬ ಹೆದರಿಕೆ ಇಟ್ಟುಕೊಂಡವರಿಗೆ ಮನಸ್ಸು ಒಂದೆಡೆ ನಿಲ್ಲುವುದಿಲ್ಲ. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಇನ್ವರ್ಟರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇರುತ್ತದೆ. ಬಾಳಿಕೆ ಬರಬೇಕೆಂದರೆ ಅರ್ಧ ಮಾತ್ರ ಬಳಸಬೇಕು, ಇನ್ವರ್ಟರು ತನ್ನ ಪಾಲು ತಿನ್ನುತ್ತದೆ. ಕೈಗೆ ಸಿಗುವುದು 750ರ ಆಸುಪಾಸು. ಲ್ಯಾಪ್‌ಟಾಪಿಗೆ 60, ಮಾನಿಟರಿಗೆ 25, ಮೋಡೆಮಿಗೆ 10 ವ್ಯಾಟ್, ಮೇಲೊಂದು ಎಲ್‌ಇಡಿ ಬಲ್ಬು ಎಂದು ಹಿಡಿದರೂ 7 ತಾಸು ನಡೆಯುತ್ತದೆ. ಹೆಚ್ಚಿನ ಮನೆಗಳಲ್ಲಿ ಇದು ಕೈಕೊಡುವುದು ಬ್ಯಾಟರಿ ಸಣ್ಣದಾಯಿತು ಎಂದಲ್ಲ, ಅದೇ ಲೈನಿಗೆ ಫ್ರಿಜ್ಜು, ಫ್ಯಾನು, ಟಿವಿ ಎಲ್ಲ ಸೇರಿರುತ್ತವೆ ಎಂದು. ಎಲೆಕ್ಟ್ರಿಷಿಯನ್‌ನಿಂದ ಕೆಲಸದ ಕೋಣೆಯನ್ನು ಬೇರೆ ಮಾಡಿಸಿ. ಜೂನ್ ಹಿಡಿಯುವ ಮೊದಲೇ ಬ್ಯಾಟರಿಯ ಡಿಸ್ಟಿಲ್ಡ್ ನೀರು ನೋಡಿ.

ಫೈಬರ್ ಜೊತೆಗೆ ಬೇರೆ ಕಂಪನಿಯ ಸಿಮ್ ಒಂದಿರಲಿ. ಅದಕ್ಕೆ ಬದಲಾದಾಗ ವಿಡಿಯೋ ನಿಲ್ಲಿಸಿ, ಬರೀ ಧ್ವನಿಯಲ್ಲಿ ಮುಂದುವರಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಹೆಚ್ಚಾಗಿ ಮಧ್ಯಾಹ್ನದ ಮೇಲೆ ಶುರುವಾಗುವುದರಿಂದ ಮುಖ್ಯ ಮೀಟಿಂಗುಗಳನ್ನು 3 ಗಂಟೆಯೊಳಗೆ ಇಟ್ಟುಕೊಳ್ಳಿ. ಸಿಡಿಲಿನ ಹೊತ್ತಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಬೇಕು. ಫೈಬರಿನ ಎಳೆ ಗಾಜಿನದೇ ಆದರೂ ಮೋಡೆಮ್ ಸುಡುವುದು ಅದರ ಅಡಾಪ್ಟರ್ ಮೂಲಕ ಬರುವ ಕರೆಂಟಿನಿಂದ.

ಇನ್ನು ಬರಹ. ಶುಕ್ರವಾರ ಸಂಜೆ 4ಕ್ಕೆ 15 ನಿಮಿಷ ಇದಕ್ಕೇ ತೆಗೆದಿಡಿ. ವಾರದ ಮುಖ್ಯ ಕೆಲಸ ಒಂದೋ ಎರಡೋ. ಒಂದೊಂದಕ್ಕೂ ಮೂರೇ ಸಾಲು. ಏನು ಮಾಡಿದೆ, ಅದರಿಂದ ಏನು ಬದಲಾಯಿತು, ಅದನ್ನು ಕಂಡವರು ಯಾರು. ‘ತಿಂಗಳ ವರದಿ ಸುಧಾರಿಸಿದೆ’ ಎಂದು ಬರೆದರೆ ಅದು ಯಾರಿಗೂ ಏನನ್ನೂ ಹೇಳುವುದಿಲ್ಲ. ಹೀಗೆ ಬರೆಯಿರಿ: ‘ತಿಂಗಳ ವರದಿಗೆ 3 ತಾಸು ಹಿಡಿಯುತ್ತಿತ್ತು, ಈಗ 40 ನಿಮಿಷ. ಕೈಯಲ್ಲಿ ಸೇರಿಸುತ್ತಿದ್ದ ನಾಲ್ಕು ಹಾಳೆಗಳನ್ನು ಒಂದೇ ಸೂತ್ರಕ್ಕೆ ತಂದೆ. ಹಣಕಾಸು ತಂಡ ಎರಡು ತಿಂಗಳಿಂದ ಇದನ್ನೇ ಬಳಸುತ್ತಿದೆ.’ ಎದುರಿಗೆ ಕಾಣದ ಮನುಷ್ಯನ ಪರವಾಗಿ ಬಡ್ತಿಯ ಸಭೆಯಲ್ಲಿ ಮಾತಾಡಬೇಕಾದ ಮ್ಯಾನೇಜರಿಗೆ ಬೇಕಾಗುವುದು ಇಂಥ ಸಾಲು. ಒಳ್ಳೆಯ ಕೆಲಸ ತಾನಾಗಿ ಕಣ್ಣಿಗೆ ಬೀಳುತ್ತದೆ ಎಂಬ ನಂಬಿಕೆ ನಮ್ಮ ಕಡೆಯವರಲ್ಲಿ ಗಟ್ಟಿ. 400 ಕಿಲೋಮೀಟರ್ ಆಚೆಗೆ ಅದು ನಡೆಯುವುದಿಲ್ಲ.

ಇದು ಕೆಡುವುದು ಹೆಚ್ಚಾಗಿ ಮೂರು ಕಡೆ. ಮಾರ್ಚ್‌ನಲ್ಲಿ ಒಟ್ಟಿಗೆ ಬರೆಯೋಣ ಎಂದು ಬಿಟ್ಟರೆ ಕಳೆದ ಜುಲೈನ ಅಂಕಿ ಯಾರಿಗೂ ನೆನಪಿರುವುದಿಲ್ಲ. ಹಾಜರಾದ ಮೀಟಿಂಗುಗಳನ್ನೆಲ್ಲ ಪಟ್ಟಿ ಮಾಡಿದರೆ ಓದುವವರು ಎರಡನೇ ಪುಟಕ್ಕೇ ಕೈಬಿಡುತ್ತಾರೆ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಇಟ್ಟರೆ ಕೆಲಸ ಬಿಡುವ ದಿನ ಅದೂ ಹೋಗುತ್ತದೆ. ಹಾಗೆಂದು ಗ್ರಾಹಕರ ಹೆಸರು, ಕಂಪನಿಯ ಕಡತಗಳನ್ನು ಮನೆಯ ಪುಸ್ತಕಕ್ಕೆ ಇಳಿಸಬೇಡಿ, ನಿಮ್ಮ ಕೆಲಸದ ಸಾರಾಂಶ ಸಾಕು.

ತಿಂಗಳಿಗೊಮ್ಮೆ ಮ್ಯಾನೇಜರ್ ಜೊತೆ ಅರ್ಧ ತಾಸು ಕೇಳಿ ಪಡೆಯಿರಿ. ಹಿಂದಿನ ದಿನ ಆ ತಿಂಗಳ ಸಾಲುಗಳಲ್ಲಿ ಐದನ್ನು ಕಳಿಸಿ, ಮಾತಿನಲ್ಲಿ ಒಂದೇ ಪ್ರಶ್ನೆಗೆ ಒತ್ತು ಕೊಡಿ: ‘ಮುಂದಿನ ಹುದ್ದೆಯವರು ಮಾಡುವ ಯಾವ ಕೆಲಸ ನಾನಿನ್ನೂ ಮಾಡುತ್ತಿಲ್ಲ?’ ಉತ್ತರವನ್ನು ಅಂದೇ ಮೇಲ್‌ನಲ್ಲಿ ಬರೆದು ತಿರುಗಿ ಕಳಿಸಿ. ಮೂರು ತಿಂಗಳಿಗೊಮ್ಮೆ ಎರಡು ದಿನ ಆಫೀಸಿಗೂ ಹೋಗಿ ಬನ್ನಿ. ರಾತ್ರಿ ಬಸ್ಸು ಆಗದವರಿಗೆ ತಾಳಗುಪ್ಪದಿಂದ ರೈಲಿದೆ, ಕುಮಟಾ, ಕಾರವಾರದವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್. ಜುಲೈ, ಆಗಸ್ಟ್ ಪ್ರಯಾಣಕ್ಕೆ ಒಂದು ದಿನ ಮೊದಲೇ ಹೊರಡಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿದ್ದನ್ನು ಈ ಜಿಲ್ಲೆ ಮರೆಯುವಂತಿಲ್ಲ.

‘ಮನೆಲೇ ಇದ್ದಾನಲ್ಲ’ ಎಂಬ ಮಾತಿಗೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಬಂದವರಿಗೆ ಆಸರಿ (ಕುಡಿಯಲು ಏನಾದರೂ) ಕೊಟ್ಟು ಮಾತಾಡಿಸುವ ಮನೆಗಳು ಇವು, ಹಾಗೇ ಇರಲಿ. ಬಾಗಿಲು ತೆರೆದಿರುವ ಹೊತ್ತನ್ನು ಮನೆಯವರಿಗೆ ಹೇಳಿಬಿಡಿ: 11ಕ್ಕೆ 20 ನಿಮಿಷ ಜಗುಲಿಗೆ ಇಳಿಯುತ್ತೇನೆ, ಉಳಿದ ಹೊತ್ತು ಕರೆಯಬೇಡಿ. ಕೊಯ್ಲಿನ ದಿನ, ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸುವ ದಿನ ಮುಂಚೆಯೇ ಗೊತ್ತಿರುತ್ತದೆ, ರಜೆಯನ್ನೇ ಹಾಕಿ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಜೊತೆ ತೋಟದಲ್ಲಿದ್ದು ಫೋನಿನಲ್ಲಿ ಮೀಟಿಂಗ್ ಮಾಡಿದರೆ ಎರಡೂ ಹಾಳು.

ಕೂತು ಉಸಿರು ಗಮನಿಸುವುದಕ್ಕೆ ಊಟಕ್ಕೆ ಮೊದಲಿನ 10 ನಿಮಿಷ ಒಳ್ಳೆಯದು. ಅಪ್ಪೆಹುಳಿ ಉಂಡ ಮೇಲೆ ಕೂತರೆ ನಿದ್ದೆಯೇ ಬರುತ್ತದೆ. ಬೆನ್ನು ನೆಟ್ಟಗಿಟ್ಟು, ಹೊರಹೋಗುವ ಉಸಿರನ್ನು ಮಾತ್ರ 1ರಿಂದ 10ರವರೆಗೆ ಎಣಿಸಿ, ಮತ್ತೆ 1. ಲೆಕ್ಕ ತಪ್ಪಿದರೆ ಬೇಸರವಿಲ್ಲದೆ 1ಕ್ಕೆ ಬನ್ನಿ; ತಪ್ಪಿದ್ದು ಗೊತ್ತಾಗುವುದೇ ಇಲ್ಲಿನ ಅಭ್ಯಾಸ. ಉಸಿರನ್ನು ಬೇಕೆಂದು ಉದ್ದ ಮಾಡಿದರೆ ತಲೆ ಹಗುರಾಗಿ ಸುಸ್ತಾಗುತ್ತದೆ, ಅದರ ಪಾಡಿಗೆ ಬಿಡಿ. ಸುಗ್ಗಿಯಲ್ಲಿ ಸಂಜೆ ಅಡಿಕೆ ಸುಲಿಯಲು ಕೂರುವ ಮನೆಯಾದರೆ ಇನ್ನೂ ಸುಲಭ. ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿಯ ತುದಿಗೆ ಕಾಯಿ ಚುಚ್ಚಿ, ಸಿಪ್ಪೆ ಬಿಡಿಸಿ, ಒಳಗಿನ ಅಡಿಕೆಯನ್ನು ಬುಟ್ಟಿಗೆ ಹಾಕುವವರೆಗೆ ಗಮನ ಬೆರಳ ಮೇಲೇ ಇರಬೇಕು. ಫೋನು ಒಳಗಿಟ್ಟು ಬರೀ ಅಷ್ಟನ್ನೇ ಅರ್ಧ ತಾಸು ಮಾಡಿ ನೋಡಿ.

ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಚ್ಚಬೇಕು. ನಾಳೆ ಮೊದಲು ಕೈಹಚ್ಚುವ ಕೆಲಸವನ್ನು ಚೀಟಿಯಲ್ಲಿ ಒಂದು ಸಾಲು ಬರೆದು ಲ್ಯಾಪ್‌ಟಾಪಿನ ಮೇಲಿಡಿ. ಅರ್ಧಕ್ಕೆ ನಿಂತ ಕೆಲಸ ರಾತ್ರಿ ತಲೆಯಲ್ಲಿ ಸುತ್ತುವುದು ಬಹುಮಟ್ಟಿಗೆ ಆ ಸಾಲು ಇಲ್ಲದ್ದಕ್ಕೆ. ಲ್ಯಾಪ್‌ಟಾಪು ಮೆತ್ತಿನಿಂದ ಕೆಳಗಿಳಿಯಬಾರದು, ಕೆಲಸದ ಆ್ಯಪ್‌ಗಳ ನೋಟಿಫಿಕೇಶನ್ ಆರಿಸಿರಲಿ. ಅಮೆರಿಕದ ತಂಡದ ಜೊತೆ ರಾತ್ರಿ 9ಕ್ಕೆ ಕರೆ ಇರುವವರು ಮಧ್ಯಾಹ್ನ 1ರಿಂದ 4ರವರೆಗಿನ ಹೊತ್ತನ್ನು ಕಂಪನಿಯ ಕ್ಯಾಲೆಂಡರಿನಲ್ಲೇ ‘ಲಭ್ಯವಿಲ್ಲ’ ಎಂದು ಹಾಕಿಬಿಡಿ. ಅಲ್ಲಿ ಬರೆಯದ ಬಿಡುವನ್ನು ಬೇರೆಯವರು ತುಂಬಿಬಿಡುತ್ತಾರೆ.