ಸ್ಟ್ರೋಕ್ ಆದ ಮೇಲೆ ಮಣಿಕಟ್ಟು: ಬಿಗಿತ ಬೇರೆ, ಹಿಡಿತ ಬೇರೆ

ಲಕ್ವ ಹೊಡೆದ ಕೈಯನ್ನು ಒಮ್ಮೆ ಮಡಚಿ ಬಿಡಿಸಿ, ಫೈಲಿನಲ್ಲಿ 'ತುಂಬಾ ಬಿಗಿ' ಎಂದು ಬರೆದಿಟ್ಟರೆ ಮುಂದಿನ ತಿಂಗಳು ನೋಡುವವರಿಗೆ ಏನೂ ತಿಳಿಯುವುದಿಲ್ಲ. ಬಿಗಿತದಲ್ಲೇ ಎರಡು ಬಗೆ. ರಭಸದಿಂದ ಎಳೆದಾಗ ಸ್ನಾಯು ತಿರುಗಿ ಸೆಟೆಯುವುದು ಸ್ಪಾಸ್ಟಿಸಿಟಿ. ಇದು ನರದ ಕೆಲಸ. ತಿಂಗಳುಗಟ್ಟಲೆ ಮಡಚಿಕೊಂಡೇ ಇದ್ದು ಸ್ನಾಯು ನಿಜಕ್ಕೂ ಗಿಡ್ಡವಾಗುವುದು ಇನ್ನೊಂದು. ಬೊಟುಲಿನಮ್ ಇಂಜೆಕ್ಷನ್ ಮೊದಲನೆಯದನ್ನು ಸಡಿಲಿಸುತ್ತದೆ, ಗಿಡ್ಡವಾದ ಸ್ನಾಯುವನ್ನು ಉದ್ದ ಮಾಡಲಾರದು. ಯಾವುದು ಎಷ್ಟಿದೆ ಎಂದು ತಿಳಿಯಲು ಟಾರ್ಡ್ಯೂ ವಿಧಾನ ಒಳ್ಳೆಯದು: ಒಂದೇ ಕೈಯನ್ನು ನಿಧಾನವಾಗಿ ಒಮ್ಮೆ, ವೇಗವಾಗಿ ಒಮ್ಮೆ ಎಳೆದು ನೋಡುವುದು.

ಬೇಕಾದದ್ದು ಒಂದು ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ, ಎರಡು ತೋಳಿನ ಸಾಧನ), ಮೇಜು, ವಿಡಿಯೊ ತೆಗೆಯುವ ಫೋನ್. ರೋಗಿಯನ್ನು ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂರಿಸಿ. ಮೊಣಕೈ 90 ಡಿಗ್ರಿ ಮಡಚಿರಲಿ, ಮುಂಗೈ ಮೇಜಿನ ಮೇಲೆ, ಅಂಗೈ ಕೆಳಮುಖ, ಮಣಿಕಟ್ಟಿನಿಂದಾಚೆ ಕೈ ಮೇಜಿನ ಅಂಚಿನ ಹೊರಗೆ. ಐದು ನಿಮಿಷ ಸುಮ್ಮನೆ ಕೂರಲಿ. ಮಾತು, ನಗು, ಆಕಳಿಕೆ ಎಲ್ಲವೂ ಕೈಯ ಬಿಗಿತ ಏರಿಸುತ್ತವೆ.

ಗೋನಿಯೋಮೀಟರನ್ನು ಕಿರುಬೆರಳಿನ ಬದಿಗೆ ಇಡಿ. ತಿರುಗುವ ಬಿಂದು ಮಣಿಕಟ್ಟಿನ ಉಬ್ಬು ಮೂಳೆಗಿಂತ ತುಸು ಮುಂದೆ, ಸ್ಥಿರ ತೋಳು ಮೊಣಕೈ ತುದಿಯ ಕಡೆಗೆ, ಚಲಿಸುವ ತೋಳು ಅಂಗೈಯಲ್ಲಿರುವ ಕಿರುಬೆರಳಿನ ಮೂಳೆಯ ಗುಂಟ. ಬೆರಳಿನ ಗುಂಟ ಇಟ್ಟರೆ ಲೆಕ್ಕ ಕೆಟ್ಟಿತು. ಬೆರಳು ಮಡಚಿದಷ್ಟೂ ಕೋನ ಸುಳ್ಳು ಹೇಳುತ್ತದೆ. ನೇರ ಮಣಿಕಟ್ಟನ್ನು 0 ಎಂದಿಟ್ಟು, ಹಿಂದಕ್ಕೆ ಬಾಗಿದ್ದಕ್ಕೆ ಪ್ಲಸ್, ಅಂಗೈ ಕಡೆಗೆ ಬಾಗಿದ್ದಕ್ಕೆ ಮೈನಸ್ ಬರೆಯಿರಿ.

ಒಂದು ಕೈಯಿಂದ ಮುಂಗೈ ಒತ್ತಿ ಹಿಡಿದು, ಇನ್ನೊಂದರಿಂದ ಅಂಗೈಯನ್ನೇ ಹಿಡಿಯಿರಿ, ಬೆರಳ ತುದಿಯನ್ನಲ್ಲ. ಪೂರ್ತಿ ಮಡಚಿದ ಸ್ಥಿತಿಯಿಂದ ಆದಷ್ಟು ನಿಧಾನವಾಗಿ ಹಿಂದಕ್ಕೆ ಬಾಗಿಸಿ, ನಿಂತ ಕೋನ ಬರೆದುಕೊಳ್ಳಿ. ಇದು ಆರ್2. ಒಂದು ನಿಮಿಷ ಬಿಟ್ಟು, ಅದೇ ಜಾಗದಿಂದ ಆದಷ್ಟು ವೇಗವಾಗಿ ಎಳೆಯಿರಿ. ನಡುದಾರಿಯಲ್ಲಿ ಯಾರೋ ಗಪ್ಪನೆ ಹಿಡಿದುಕೊಂಡಂತೆ ಕೈ ನಿಲ್ಲುತ್ತದಲ್ಲ, ಆ ಕೋನ ಆರ್1. ಅಷ್ಟು ವೇಗದಲ್ಲಿ ಗೋನಿಯೋಮೀಟರ್ ಹಿಡಿಯಲಾಗದು. ಫೋನನ್ನು ಮಣಿಕಟ್ಟಿನ ಎತ್ತರದಲ್ಲೇ, ಕಿರುಬೆರಳಿನ ಬದಿಗೆ ನೇರ ಎದುರಾಗಿ ಇಟ್ಟು ಸ್ಲೋ ಮೋಷನ್‌ನಲ್ಲಿ ತೆಗೆದು, ನಿಂತ ಚಿತ್ರದ ಮೇಲೆ ಅಳೆಯಿರಿ. ಫೋನ್ ಓರೆಯಾದರೆ ಕೋನವೂ ಓರೆ.

ಉದಾಹರಣೆಗೆ ಆರ್2 +50, ಆರ್1 −10 ಬಂದರೆ ವ್ಯತ್ಯಾಸ 60: ಹೆಚ್ಚಿನ ಪಾಲು ಸ್ಪಾಸ್ಟಿಸಿಟಿ. ಆರ್2 +5, ಆರ್1 −5 ಬಂದರೆ ನಿಧಾನವಾಗಿ ಎಳೆದರೂ ಕೈ ಬರುತ್ತಿಲ್ಲ, ಸ್ನಾಯು ಗಿಡ್ಡವಾಗಿದೆ ಎಂದರ್ಥ. ನಾಲ್ಕೈದು ಸಲ ಎಳೆದು 'ಸರಾಸರಿ' ತೆಗೆಯುವ ಅಭ್ಯಾಸ ಬೇಡ. ಎಳೆದಷ್ಟೂ ಬಿಗಿತ ಇಳಿಯುತ್ತದೆ, ಕೊನೆಯ ಅಂಕಿ ಚಂದ ಕಾಣುತ್ತದೆ, ಅಷ್ಟೆ.

ಆರ್2 ಅನ್ನು ಬೆರಳು ಮಡಚಿ ಒಮ್ಮೆ, ಚಾಚಿ ಒಮ್ಮೆ ಅಳೆಯಲೇಬೇಕು. ಬೆರಳು ಮಡಚುವ ಸ್ನಾಯುಗಳು ಮಣಿಕಟ್ಟನ್ನು ದಾಟಿ ಹೋಗುತ್ತವೆ. ಮಡಚಿದಾಗ +45, ಚಾಚಿದಾಗ 0 ಆದರೆ ಬಿಗಿತ ಬೆರಳಿನ ಸ್ನಾಯುಗಳದ್ದು, ಮಣಿಕಟ್ಟಿನದ್ದಲ್ಲ. ಇಂಜೆಕ್ಷನ್ ಎಲ್ಲಿಗೆ ಎಂಬುದು ಇದರ ಮೇಲೇ ನಿಂತಿದೆ.

ಬಿಗಿತಕ್ಕೆ ಅಂಕ ಕೊಡಲು ಎಲ್ಲೆಡೆ ಬಳಕೆಯಲ್ಲಿರುವ ಮಾಡಿಫೈಡ್ ಆಶ್‌ವರ್ತ್ ಅಳತೆ (0, 1, 1+, 2, 3, 4) ಕೂಡ ಬರೆಯಿರಿ, ಎಳೆತ ಸುಮಾರು ಒಂದು ಸೆಕೆಂಡಿನದಿರಲಿ. ಒಂದೇ ವೇಗದ ಪರೀಕ್ಷೆಯಾದ್ದರಿಂದ ಎರಡು ಬಗೆಯ ಬಿಗಿತವನ್ನು ಅದು ಬೇರ್ಪಡಿಸುವುದಿಲ್ಲ.

ಇನ್ನು ಹಿಡಿತ, ಎಂದರೆ ಮಣಿಕಟ್ಟನ್ನು ರೋಗಿ ತಾನೇ ಬೇಕಾದಂತೆ ಆಡಿಸಬಲ್ಲ ಹತೋಟಿ. ಬಿಗಿತ ಇಳಿದ ಮಾತ್ರಕ್ಕೆ ಕೈ ಮಾತು ಕೇಳುತ್ತದೆ ಎಂದೇನಿಲ್ಲ. ಸ್ಟ್ರೋಕ್ ಆದವರ ಚಲನೆ ಅಳೆಯುವ ಫ್ಯೂಗಲ್-ಮೇಯರ್ ಪರೀಕ್ಷೆಯ ಮಣಿಕಟ್ಟಿನ ಭಾಗ 10 ಅಂಕದ್ದು: ಐದು ಕೆಲಸ, ಒಂದೊಂದಕ್ಕೆ 0ಯಿಂದ 2. ಮೊಣಕೈ 90 ಡಿಗ್ರಿಯಲ್ಲಿ ಮಣಿಕಟ್ಟನ್ನು 15 ಡಿಗ್ರಿ ಎತ್ತಿ ಹಿಡಿಯುವುದು. ಅಷ್ಟಕ್ಕೂ ಎತ್ತದಿದ್ದರೆ 0, ಎತ್ತಿದರೂ ನೀವು ಹಗುರಾಗಿ ಒತ್ತಿದ ಕೂಡಲೇ ಬಿದ್ದರೆ 1, ಒತ್ತಡ ತಡೆದರೆ 2. ಬಳಿಕ ಮೇಲೆ-ಕೆಳಗೆ ಸರಾಗ ಆಡಿಸುವುದು. ಇವೆರಡನ್ನೂ ಮೊಣಕೈ ನೇರ ಚಾಚಿ ಮತ್ತೆ. ಕೊನೆಗೆ ಮಣಿಕಟ್ಟನ್ನು ಸುತ್ತ ತಿರುಗಿಸುವುದು. ಮೊಣಕೈ ಮಡಚಿದಾಗ ಸಲೀಸಾಗಿ ಎತ್ತಿದವರು ಚಾಚಿದ ಕೂಡಲೇ ಸೋಲುವುದುಂಟು. ಆ ಸೋಲನ್ನೇ ವಿವರವಾಗಿ ಬರೆದಿಡಿ. ಭುಜ ಎತ್ತಿ, ಮೈ ವಾಲಿಸಿ ಮಣಿಕಟ್ಟು ಎತ್ತಿದಂತೆ ತೋರಿಸಿದರೆ ಅಂಕ ಕೊಡಬೇಡಿ.

ಪ್ರತಿ ಸಲವೂ ಹೊತ್ತು, ಬಿಗಿತ ಇಳಿಸುವ ಬ್ಯಾಕ್ಲೋಫೆನ್ ಮಾತ್ರೆ ತೆಗೆದುಕೊಂಡು ಎಷ್ಟು ಗಂಟೆಯಾಯಿತು, ಇಂಜೆಕ್ಷನ್ ಆಗಿ ಎಷ್ಟು ವಾರ ಎಂಬುದು ಅಂಕಿಯ ಪಕ್ಕದಲ್ಲೇ ಇರಲಿ. ವೇಗದ ಎಳೆತ ತರಬೇತಿ ಪಡೆದವರ ಕೆಲಸ, ಮನೆಯವರದ್ದಲ್ಲ. ಕೈ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅಳತೆ ಬಿಟ್ಟು ವೈದ್ಯರಿಗೆ ತೋರಿಸಿ. ಆರ್1 ಒಂದೇ ವಾರದಲ್ಲಿ ಏಕಾಏಕಿ ಕೆಟ್ಟರೆ ಕೈಯನ್ನಷ್ಟೇ ನೋಡುತ್ತ ಕೂರಬೇಡಿ: ಮೂತ್ರದ ಸೋಂಕು, ಮಲಬದ್ಧತೆ, ಬೆನ್ನಿನ ಹಾಸಿಗೆ ಹುಣ್ಣು, ಮಾಂಸದೊಳಗೆ ಬೆಳೆದ ಕಾಲುಗುರು ಇವೂ ಬಿಗಿತ ಏರಿಸುತ್ತವೆ.