ಚಿಕ್ಕ ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿದ ಮೇಲೆ ಯಾವ ಸಾಮಾನು ಉಳಿಸೋದು, ಯಾವುದು ಗುಜರಿಗೆ

ಎಂಜಿನ್ ಬಿಚ್ಚಿ ಗೋಣಿಚೀಲದ ಮೇಲೆ ಹರಡಿದ ಕೂಡಲೇ ಎಲ್ಲರೂ ಡೀಸೆಲ್ ಹಾಕಿ ತೊಳೆಯಲು ಕೂರುತ್ತಾರೆ. ಸ್ವಲ್ಪ ತಡೆಯಿರಿ. ಎಂಜಿನ್ ಯಾಕೆ ಕೆಟ್ಟಿತು ಅನ್ನುವ ಗುರುತೂ ಕೊಳೆಯ ಜೊತೆಗೇ ತೊಳೆದುಹೋಗುತ್ತದೆ. ಮೊದಲು ಏರ್ ಕ್ಲೀನರ್‌ನಿಂದ ಎಂಜಿನ್ನಿಗೆ ಬರುವ ಪೈಪಿನೊಳಗೆ ಬೆರಳು ಹಾಕಿ ಒರೆಸಿ ನೋಡಿ. ಬೆರಳಿಗೆ ಮಣ್ಣಿನ ಪುಡಿ ಹತ್ತಿದರೆ ಅದು ಧೂಳು ಕುಡಿದ ಎಂಜಿನ್, ಪಿಸ್ಟನ್ ರಿಂಗ್ ಮತ್ತು ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಮೇಲೆ ಜಾಸ್ತಿ ಅನುಮಾನ ಇಡಿ. ಪೈಪು ಚೊಕ್ಕವಾಗಿದ್ದು ಬೇರಿಂಗ್‌ಗಳು ಮಾತ್ರ ಕಿತ್ತುಹೋಗಿದ್ದರೆ ಆಯಿಲ್ ಪಂಪು, ಆಯಿಲ್ ದಾರಿ ಬಿಚ್ಚಿ ನೋಡದೆ ಮುಂದೆ ಹೋಗಬೇಡಿ.

ಹೆಡ್ ಪ್ಯಾಕಿಂಗ್, ಆಯಿಲ್ ಸೀಲ್, ಲೈನರಿನ ರಬ್ಬರ್ ರಿಂಗ್, ಪಿಸ್ಟನ್ ರಿಂಗ್, ಕನೆಕ್ಟಿಂಗ್ ರಾಡಿನ ಬೋಲ್ಟು. ಇವೆಲ್ಲ ಹೊಸದೇ. ಚರ್ಚೆ ಬೇಡ.

ತಲೆನೋವು ಇರೋದು ಲೈನರ್ ವಿಷಯದಲ್ಲಿ. ನಾನೂ ಒಮ್ಮೆ ಬರೀ ರಿಂಗ್ ಹಾಕಿಸಿ ದುಡ್ಡು ಉಳಿಸಿದೆ ಅಂದುಕೊಂಡಿದ್ದೆ. ಗದ್ದೆ ಕೆಲಸ ಮುಗಿಯುವ ಹೊತ್ತಿಗೆ ಮತ್ತೆ ನೀಲಿ ಹೊಗೆ, ಅಂದರೆ ಆಯಿಲ್ ಉರೀತಾ ಇತ್ತು. ಲೈನರ್ ಹೊಳೀತಾ ಇತ್ತು ಅಂತ ಅಳೆದೇ ಇರಲಿಲ್ಲ ನೋಡಿ! ಬೋರ್, ಅಂದರೆ ಲೈನರಿನ ಒಳ ಅಗಲ, ಅಳೆಯುವ ಬೋರ್ ಗೇಜ್ ಇಲ್ಲದಿದ್ದರೂ ಒಂದು ಉಪಾಯ ಇದೆ. ಹೊಸ ರಿಂಗ್ ಒಂದನ್ನು ಲೈನರಿನ ಕೆಳತುದಿಯಲ್ಲಿ, ಹಳೇ ರಿಂಗ್ ಉಜ್ಜದ ಜಾಗದಲ್ಲಿ ಕೂರಿಸಿ, ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ಅದರ ತಲೆಯಿಂದ ನೂಕಿದರೆ ರಿಂಗ್ ಓರೆಯಾಗದೆ ನೇರ ಕೂರುತ್ತದೆ. ರಿಂಗಿನ ಎರಡು ತುದಿಗಳ ನಡುವೆ ಬಾಯಿ ಎಷ್ಟು ತೆರೆದಿದೆ ಅಂತ, ಸಂದಿ ಅಳೆಯುವ ತೆಳ್ಳನೆ ತಗಡಾದ ಫೀಲರ್ ಗೇಜ್‌ನಲ್ಲಿ ನೋಡಿ. ಆಮೇಲೆ ಅದೇ ರಿಂಗನ್ನು ಮೇಲ್ಗಡೆ, ಕೈಗೆ ಮೆಟ್ಟಿಲಿನ ಹಾಗೆ ತಾಗುತ್ತದಲ್ಲ, ಅದರ ಕೆಳಗೇ ಇಟ್ಟು ಮತ್ತೆ ನೋಡಿ. ಕೆಳಗೆ 0.40 ಎಂಎಂ, ಮೇಲೆ 0.85 ಬಂತು ಅಂದುಕೊಳ್ಳಿ. ವ್ಯತ್ಯಾಸ 0.45, ಅದನ್ನು 3ರಿಂದ ಭಾಗಿಸಿ. ಹತ್ತಿರ ಹತ್ತಿರ 0.15 ಎಂಎಂ ಬೋರ್ ಸವೆದಿದೆ ಅಂತ ಲೆಕ್ಕ. 0.1 ದಾಟಿದರೆ ನಾನಂತೂ ಉಳಿಸೋದಿಲ್ಲ, ನಿಮ್ಮ ಎಂಜಿನ್ನಿನ ಪುಸ್ತಕ ಬೇರೆ ಹೇಳಿದರೆ ಪುಸ್ತಕದ ಮಾತೇ ಕೊನೆ. ಬೋರ್ ಮೊಟ್ಟೆಯ ಆಕಾರಕ್ಕೆ ಬಂದಿದ್ದರೆ ಇದರಲ್ಲಿ ಗೊತ್ತಾಗೋದಿಲ್ಲ, ಅದಕ್ಕೆ ಲೇತ್‌ನವರ ಬೋರ್ ಗೇಜೇ ಬೇಕು. ನೀರಿನಲ್ಲಿ ಕೂರುವ ಲೈನರ್ ಆದರೆ ಹೊರಗೆ ಎಳೆದು ಬೆನ್ನನ್ನೂ ನೋಡಿ. ಸೂಜಿ ಚುಚ್ಚಿದ ಹಾಗೆ ಗುಂಡಿಗಳಿದ್ದರೆ ಒಳಗೆ ಎಷ್ಟೇ ಚೆನ್ನಾಗಿದ್ದರೂ ಗುಜರಿಗೆ.

ಪಿಸ್ಟನ್ ಉಳಿಸಬೇಕಾದರೆ, ರಿಂಗ್ ಕೂರುವ ಮೇಲಿನ ಗ್ರೂವ್‌ನಲ್ಲಿ ಹೊಸ ರಿಂಗ್ ಇಟ್ಟು ಪಕ್ಕದ ಸಂದಿ ನೋಡಿ. 0.15 ಎಂಎಂ ಫೀಲರ್ ಸಲೀಸಾಗಿ ಹೋದರೆ ಆ ಪಿಸ್ಟನ್ ಬೇಡ.

ವಾಲ್ವ್‌ಗಳದ್ದು ಸುಲಭ. ತಲೆಯ ಅಂಚು ಚಾಕುವಿನ ಹಾಗೆ ತೆಳ್ಳಗಾಗಿದ್ದರೆ ಬಿಸಾಕಿ, ಇಲ್ಲದಿದ್ದರೆ ಪೇಸ್ಟ್ ಹಾಕಿ ಉಜ್ಜಿ ಕೂರಿಸಿ. ಸ್ಪ್ರಿಂಗುಗಳನ್ನು ಪಕ್ಕಪಕ್ಕ ನಿಲ್ಲಿಸಿ, ಗಿಡ್ಡ ಇರೋದು ಸೋತಿದೆ ಅಂತ ಅರ್ಥ.

ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ಕ್ರ್ಯಾಂಕ್ ದುಬಾರಿ ಸಾಮಾನು, ಹೆದರಿ ಬದಲಾಯಿಸೋದೂ ತಪ್ಪು, ಆಸೆಗೆ ಬಿದ್ದು ಉಳಿಸೋದೂ ತಪ್ಪು. ಬೇರಿಂಗ್ ಕೂರುವ ಜಾಗದಲ್ಲಿ ಉಗುರು ಎಳೆಯಿರಿ, ಗೀರಿಗೆ ಉಗುರು ಸಿಕ್ಕಿದರೆ ಗ್ರೈಂಡಿಂಗ್ (ಉಜ್ಜಿ ದಪ್ಪ ಇಳಿಸಿ ನಯ ಮಾಡೋದು) ಮಾಡಿಸಲೇಬೇಕು. ಸಿಗದಿದ್ದರೂ ದಪ್ಪ ಅಳೆಯಲು ಮೈಕ್ರೋಮೀಟರ್ ಇಡಿಸಿ. ಹಳೇ ಬೇರಿಂಗ್ ಎಸೆಯುವ ಮೊದಲು ಬೆನ್ನು ಒರೆಸಿ ಓದಿ. ಸ್ಟ್ಯಾಂಡರ್ಡ್ ಅಂತಿದ್ದರೆ ಕ್ರ್ಯಾಂಕನ್ನು ಇನ್ನೂ ಒಮ್ಮೆಯೂ ಗ್ರೈಂಡಿಂಗ್ ಮಾಡಿ ಇಳಿಸಿಲ್ಲ ಅಂತ ಅರ್ಥ. ಮೆಕ್ಯಾನಿಕ್‌ಗಳು 10, 20 ಸೈಜ್ ಅನ್ನುತ್ತಾರಲ್ಲ, ಪ್ರತಿ 10ಕ್ಕೂ ಸುಮಾರು 0.25 ಎಂಎಂ ಇಳಿದಿದೆ ಅಂತ. 40 ಅಂತ ಇದ್ದರೆ ಇನ್ನೊಮ್ಮೆ ಇಳಿಸಲು ಜಾಗ ಸಾಮಾನ್ಯವಾಗಿ ಇರೋದಿಲ್ಲ. ಬೇರಿಂಗ್ ಕ್ಯಾಪುಗಳನ್ನು ಮಾತ್ರ ಅದಲುಬದಲು ಮಾಡಬೇಡಿ, ಬಿಚ್ಚುವಾಗಲೇ ನಂಬರ್ ಹೊಡೆದಿಡಿ.

ಇನ್ನೊಂದು, ಹೊಸ ಬೇರಿಂಗನ್ನು ಮೊದಲೇ ತಂದಿಡಬೇಡಿ. ಗ್ರೈಂಡಿಂಗ್ ಮುಗಿದು, ಎಷ್ಟಕ್ಕೆ ಇಳಿಸಿದ್ದೀವಿ ಅಂತ ಲೇತ್‌ನವರ ಕೈಯಲ್ಲಿ ಚೀಟಿ ಬರೆಸಿಕೊಂಡು, ಆ ಚೀಟಿ ಹಿಡಿದು ಅಂಗಡಿಗೆ ಹೋಗಿ.